ಅಜ್ಜಿಯ ಕಷಾಯ ಪಾಸೋ ಫೇಲೋ?

ನಮ್ಮ ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಮೊದಲು ಒಲೆ ಹತ್ತುತ್ತಿತ್ತು. ಹಿತ್ತಲ ಬೇಲಿಯ ನೆಲಬೇವು, ಬಾವಿಕಟ್ಟೆಗೆ ಹಬ್ಬಿದ್ದ ಅಮೃತಬಳ್ಳಿ, ನಾಲ್ಕು ಕಾಳುಮೆಣಸು, ಚೂರು ಒಣಶುಂಠಿ. ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೂ ಅಜ್ಜಿ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಆ ಕಹಿಗೆ ಹೆದರಿಯೇ ನಮ್ಮ ಅರ್ಧ ಜ್ವರ ಓಡಿಹೋಗುತ್ತಿತ್ತು! ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ಅಕ್ಕಪಕ್ಕದ ಮನೆಯವರೂ ಲೋಟ ಹಿಡಿದುಕೊಂಡು ಬರುತ್ತಿದ್ದರು. ಅಜ್ಜಿ ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ, ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ ಚಿಕ್ಕಪ್ಪ ಗೌರಿ ಹಬ್ಬಕ್ಕೆ ಊರಿಗೆ ಬಂದರು. ಬಂದ ಮರುದಿನವೇ ಚಳಿಜ್ವರ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ಮೈ ಕೆಂಡ. ಆಮೇಲೆ ಬೆವರೋ ಬೆವರು. ಅಜ್ಜಿ ಕಷಾಯ ಕೊಟ್ಟಳು. ಬೆಳಿಗ್ಗೆ ನೋಡಿದರೆ ಚಿಕ್ಕಪ್ಪ ಎದ್ದು ಮುದ್ದೆ ಉಂಡು ಶುಂಠಿ ಹೊಲಕ್ಕೆ ಹೊರಟಿದ್ದರು! ಒಂದು ದಿನ ಬಿಟ್ಟು ಮತ್ತೆ ಜ್ವರ. ಮತ್ತೆ ಕಷಾಯ. ಮರುದಿನ ಮತ್ತೆ ಆರಾಮ. ‘ನೋಡ್ದ್ರಾ, ಕುಡಿದ ತಕ್ಷಣ ಬಿಟ್ಟೋಯ್ತದೆ’ ಎಂದು ಅಜ್ಜಿ ಹೇಳಿದರೆ ನಾವೆಲ್ಲ ತಲೆ ಆಡಿಸುತ್ತಿದ್ದೆವು. ಹೀಗೇ ಮೂರು ವಾರ ಕಳೆಯಿತು.

ಒಂದು ಮಧ್ಯಾಹ್ನ ಚಿಕ್ಕಪ್ಪ ಹೊಲದ ಬದುವಿನ ಮೇಲೆ ಕುಸಿದುಬಿದ್ದರು. ಕಣ್ಣು ಹಳದಿ, ತುಟಿ ಬಿಳಿ. ಆಟೋದಲ್ಲಿ ಹೊಳೆನರಸೀಪುರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನಕ್ಕೆ. ರಕ್ತ ಲೇಪನ ಪರೀಕ್ಷೆಯಲ್ಲಿ ವೈವ್ಯಾಕ್ಸ್ ಮಲೇರಿಯಾ ಎಂದು ಗೊತ್ತಾಯಿತು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ಬದುಕಿ ಬಂದರು.

ಅಜ್ಜಿ ಮಾತ್ರ ಅವತ್ತಿನಿಂದ ಬೇಲಿ ಕಡೆ ಹೋಗಲಿಲ್ಲ. ‘ನನ್ ಕೈಯಾರೆ ಮಗನ್ನ ಕೊಲ್ತಿದ್ನಲ್ಲವ್ವಾ’ ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಆ ಮಾತನ್ನೇ ಎತ್ತಲಿಲ್ಲ. ಲೋಟ ಹಿಡಿದು ಬಂದವರನ್ನು ವಾಪಸು ಕಳಿಸಿದಳು. ಅಜ್ಜಿ ಮಾಡಿದ್ದು ತಪ್ಪೋ ಸರಿಯೋ? ಆ ಕಷಾಯದಲ್ಲಿ ಏನಾದರೂ ಇತ್ತೋ, ಇಲ್ಲವೋ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಡಿಗ್ರಿ ಮುಗಿಸಿ ಎಂಎಸ್ಸಿಗೆ ಸೇರಿದೆ.

ಕೊನೆಯ ವರ್ಷ ಪ್ರಾಜೆಕ್ಟ್ ವಿಷಯ ಆರಿಸಿಕೊಳ್ಳುವಾಗ ಗೆಳತಿಯರೆಲ್ಲ ಮೂರು ತಿಂಗಳಲ್ಲಿ ಮುಗಿಯುವಂಥದ್ದನ್ನು ಹಿಡಿದರು. ನಾನು ‘ಚಳಿಜ್ವರದ ಗಿಡಗಳು’ ಎಂದೆ. ಗೈಡ್ ಮೇಡಂ ಕನ್ನಡಕದ ಮೇಲಿಂದ ನೋಡಿ, ‘ಗೆಲ್ಲಬೇಕು ಅಂತ ಮಾಡ್ತೀಯೋ, ತಿಳ್ಕೋಬೇಕು ಅಂತ ಮಾಡ್ತೀಯೋ?’ ಎಂದರು. ‘ತಿಳ್ಕೋಬೇಕು ಮೇಡಂ’ ಎಂದೆ. ನಿಜ ಹೇಳಬೇಕೆಂದರೆ ಅಜ್ಜಿಯನ್ನು ಗೆಲ್ಲಿಸಬೇಕು ಎಂಬ ಆಸೆಯೇ ಹೆಚ್ಚಿತ್ತು.

ಶನಿವಾರ, ಭಾನುವಾರ ಬಂತೆಂದರೆ ಹಾಸನ ಬಸ್ ನಿಲ್ದಾಣದಲ್ಲಿ ನಾನು ಹಾಜರ್. ಒಂದು ವಾರ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳು, ಇನ್ನೊಂದು ವಾರ ಹೊಳೆನರಸೀಪುರದ ಹೇಮಾವತಿ ದಂಡೆ, ಮತ್ತೊಂದು ವಾರ ಅರಕಲಗೂಡು ದಾಟಿ ರಾಮನಾಥಪುರದ ಕಾವೇರಿ ತೀರ. ಹಾಸನದ ಸಂತೆಯಲ್ಲಿ ಬೇರು ನಾರು ಮಾರುವವರನ್ನೂ ಬಿಡಲಿಲ್ಲ. ‘ಏನವ್ವಾ, ಬೇಲಿ ಸಂದೀಲಿ ಏನ್ ಹುಡುಕ್ತಿದ್ದೀಯಾ? ಓಲೆ ಕಳ್ಕೊಂಡ್ಯಾ?’ ಎಂದು ಕೇಳಿದವರೇ ಹೆಚ್ಚು.

‘ನಮ್ ಕಡೆ ಮಲೇರಿಯಾ ಎಲ್ಲೈತೆ?’ ಎಂದು ಹುಡುಗರು ನಗುತ್ತಿದ್ದರು. ಹಿರಿಯರು ನಗುತ್ತಿರಲಿಲ್ಲ. ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಹೋದವರು ಹೊಟ್ಟೆ ಊದಿಸಿಕೊಂಡು ಬರುತ್ತಿದ್ದದ್ದು, ಡಿಡಿಟಿ ಹೊಡೆಯುವವರು ಬಂದು ಗೋಡೆಯ ಮೇಲೆ ತಾರೀಕು ಬರೆದುಹೋಗುತ್ತಿದ್ದದ್ದು ಅವರ ನೆನಪಿನಲ್ಲಿ ಹಸಿಯಾಗಿತ್ತು. ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1953ರಲ್ಲಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದಲೇ ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು, ಸೊಳ್ಳೆಮರಿಗಳನ್ನು ತಿನ್ನಿಸಿ ರೋಗ ಹತೋಟಿಗೆ ತಂದ ಕೆಲಸ ಮಾಡಿದ್ದಾರೆ. ಈಗ ಪ್ರಕರಣಗಳು ತೀರಾ ಕಡಿಮೆಯಾಗಿರುವುದು ನಿಜ. ಆದರೆ ಚಿಕ್ಕಪ್ಪನ ಹಾಗೆ ದುಡಿಯಲು ಹೋದವರ ರಕ್ತದಲ್ಲಿ ಅದು ಬಸ್ ಹತ್ತಿ ಊರಿಗೆ ಬರುತ್ತಲೇ ಇರುತ್ತದೆ.

ನಾಲ್ಕು ತಾಲ್ಲೂಕಿನ ಹಿರಿಯರು ಹೇಳಿದ ಗಿಡಗಳಲ್ಲಿ ಒಂಬತ್ತನ್ನು ಆರಿಸಿಕೊಂಡೆ. ನೆಲಬೇವು, ಅಮೃತಬಳ್ಳಿ, ಬೇವು, ತುಂಬೆ, ಲಕ್ಕಿ, ಉತ್ತರಾಣಿ, ಗಜ್ಜುಗ, ಹಾಲೆ ಮರದ ತೊಗಟೆ, ಈಶ್ವರಬಳ್ಳಿ. ಹೇಳಿದವರ ಒಪ್ಪಿಗೆ ಪಡೆದು, ಯಾವ ಊರು, ಯಾವ ತಿಂಗಳು, ಯಾವ ಭಾಗ, ಹೇಗೆ ಕೊಡುತ್ತಾರೆ ಎಲ್ಲವನ್ನೂ ಬರೆದುಕೊಂಡೆ. ಪ್ರತಿ ಗಿಡದ ಒಂದು ಕೊಂಬೆಯನ್ನು ಪೇಪರಿನ ನಡುವೆ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿದೆ. ಇದೆಲ್ಲ ಯಾಕೆ ಎಂದು ಮೊದಲು ಬೇಜಾರಾಗಿತ್ತು. ಸಂತೆಯಲ್ಲಿ ‘ನೆಲಬೇವು ಕೊಡಿ’ ಎಂದಾಗ ಒಬ್ಬರು ಒಂದು ಕಡ್ಡಿ, ‘ಕಿರಾತಕಡ್ಡಿ ಕೊಡಿ’ ಎಂದಾಗ ಇನ್ನೊಬ್ಬರು ಅದೇ ಕಡ್ಡಿಯನ್ನು ಕೊಟ್ಟಾಗ ಗೊತ್ತಾಯಿತು. ನಿಜವಾದ ಕಿರಾತಕಡ್ಡಿ ಹಿಮಾಲಯದ ಗಿಡ. ಅದರ ಬದಲಿಗೆ ನಮ್ಮ ನೆಲಬೇವು ಮಾರಾಟವಾಗುತ್ತದೆ. ಗಿಡವೇ ಯಾವುದೆಂದು ಖಚಿತವಿಲ್ಲದಿದ್ದರೆ ಔಷಧಿಯ ಮಾತೆಲ್ಲಿಂದ ಬಂತು?

ಗಿಡಗಳನ್ನು ನೆರಳಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ ಪುಡಿ ಮಾಡಿ, ಪ್ರತಿಯೊಂದರಿಂದ ಎರಡು ಬಗೆಯ ಸಾರ ತೆಗೆದೆ. ಒಂದು ಅಜ್ಜಿ ಮಾಡುವಂತೆ ನೀರಿನಲ್ಲಿ ಕುದಿಸಿದ್ದು, ಇನ್ನೊಂದು ಆಲ್ಕೋಹಾಲಿನಲ್ಲಿ ನೆನೆಸಿದ್ದು. ಮಲೇರಿಯಾ ಪರಾವಲಂಬಿಯನ್ನು ಬೆಳೆಸುವ ಸೌಲಭ್ಯ ನಮ್ಮಲ್ಲಿರಲಿಲ್ಲ. ಮೇಡಂ ತಮ್ಮ ಪರಿಚಯದ ಬೆಂಗಳೂರಿನ ಲ್ಯಾಬೊಂದರಲ್ಲಿ ನನಗೆ ನಾಲ್ಕು ತಿಂಗಳ ಅವಕಾಶ ಕೊಡಿಸಿದರು.

ಅಲ್ಲಿ ನೋಡಿದ್ದನ್ನು ಮರೆಯಲಾರೆ. ಮಲೇರಿಯಾ ರೋಗಾಣು ಸೊಳ್ಳೆ ಮತ್ತು ಮನುಷ್ಯನ ಮೈಯಲ್ಲಿ ಬದುಕುವಂಥದ್ದು. 1976ರಲ್ಲಿ ಅಮೆರಿಕದ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಮನುಷ್ಯನ ಕೆಂಪು ರಕ್ತಕಣಗಳನ್ನು ಪೋಷಕ ದ್ರವದಲ್ಲಿಟ್ಟು, ಅದನ್ನು ಗಾಜಿನ ಜಾರಿನಲ್ಲಿ ಮುಚ್ಚಿ, ಒಳಗೆ ಮೇಣದಬತ್ತಿ ಹಚ್ಚಿ ಆಮ್ಲಜನಕ ಕಡಿಮೆ ಮಾಡಿ, ಫಾಲ್ಸಿಪಾರಂ ಮಲೇರಿಯಾವನ್ನು ನಿರಂತರವಾಗಿ ಬೆಳೆಸುವ ದಾರಿ ಕಂಡುಹಿಡಿದರು. ಅಂದಿನಿಂದಲೇ ಸಾವಿರಾರು ಗಿಡದ ಸಾರಗಳನ್ನು ರೋಗಿಗೆ ಕುಡಿಸದೆ ಪರೀಕ್ಷಿಸಲು ಸಾಧ್ಯವಾಯಿತು. ದಿನವೂ ದ್ರವ ಬದಲಿಸಬೇಕು. ಗಾಜಿನ ಮೇಲೆ ರಕ್ತ ಲೇಪಿಸಿ, ಜೀಮ್ಸಾ ಬಣ್ಣ ಹಾಕಿ, ಸಾವಿರ ಕಣಗಳಲ್ಲಿ ಎಷ್ಟರೊಳಗೆ ರೋಗಾಣು ಕೂತಿದೆ ಎಂದು ಎಣಿಸಬೇಕು. ದೀಪಾವಳಿಗೂ ನಾನು ಊರಿಗೆ ಹೋಗಲಿಲ್ಲ. ರೋಗಾಣುವಿಗೇನು ಗೊತ್ತು ಹಬ್ಬ!

ಅಲ್ಲಿ ಕೂತು ಎಣಿಸುವಾಗಲೇ ಚಿಕ್ಕಪ್ಪನ ಜ್ವರದ ಗುಟ್ಟು ಅರ್ಥವಾಗಿದ್ದು. ರೋಗಾಣು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆದು, ಕಣವನ್ನು ಒಡೆದುಕೊಂಡು ಹೊರಬಂದು ಹೊಸ ಕಣಗಳಿಗೆ ನುಗ್ಗುತ್ತದೆ. ಒಡೆದಾಗ ಚಳಿಜ್ವರ. ನುಗ್ಗಿ ಒಳಗೆ ಬೆಳೆಯುವಾಗ ಆರಾಮ. ಅಂದರೆ ಚಿಕ್ಕಪ್ಪನ ಜ್ವರ ಕಷಾಯ ಕುಡಿದರೂ ಬಿಡುತ್ತಿತ್ತು, ಬರೀ ನೀರು ಕುಡಿದರೂ ಬಿಡುತ್ತಿತ್ತು. ನಾವು ಕೈಮುಗಿದಿದ್ದು ಜ್ವರದ ವೇಳಾಪಟ್ಟಿಗೆ! ಸಾಲದ್ದಕ್ಕೆ ವೈವ್ಯಾಕ್ಸ್ ಲಿವರ್‌ನಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು ಮತ್ತೆ ಬರಬಲ್ಲದು. ಪ್ರೈಮಾಕ್ವಿನ್ 14 ದಿನ ಕೊಡುವುದು ಅದನ್ನು ಹೊರಗಟ್ಟಲು. ‘ನಮ್ಮಜ್ಜನಿಗೆ ವಾಸಿಯಾಗಿತ್ತು’ ಎಂಬ ಮಾತು ಸುಳ್ಳಲ್ಲ. ಆದರೆ ಅದು ಪುರಾವೆಯೂ ಅಲ್ಲ.

ಮೊದಲ ಸುತ್ತಿನ ಫಲಿತಾಂಶ ಬಂದ ದಿನ ನಾನು ಕುಣಿದಾಡುವುದೊಂದು ಬಾಕಿ. ಒಂಬತ್ತರಲ್ಲಿ ಐದು ಗಿಡಗಳ ಆಲ್ಕೋಹಾಲ್ ಸಾರ ರೋಗಾಣುಗಳನ್ನು ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿತ್ತು. ಉತ್ತರಾಣಿಯಂತೂ ಒಂದನ್ನೂ ಉಳಿಸಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ‘ಅಜ್ಜಿಗೆ ಹೇಳು, ನೆಲಬೇವು ಪಾಸು’ ಎಂದೆ. ಮೈಸೂರಿನ ವಿಚಾರ ಸಂಕಿರಣವೊಂದಕ್ಕೆ ಪೋಸ್ಟರ್ ಕಳಿಸಿದೆವು, ಒಪ್ಪಿಗೆಯೂ ಆಯಿತು. ಮುಂದೆ ಪಿಎಚ್‌ಡಿ, ಆಮೇಲೆ ಪೇಪರಿನಲ್ಲಿ ಫೋಟೊ. ನನ್ನ ಕನಸು ಎಲ್ಲೆಲ್ಲೋ ಹೋಗಿತ್ತು.

ಸಂಕಿರಣಕ್ಕೆ ಎರಡು ದಿನವಿದ್ದಾಗ ಲ್ಯಾಬಿನ ಸೀನಿಯರ್ ಅಕ್ಕ ನನ್ನ ಉತ್ತರಾಣಿ ಸಾರದ ಟ್ಯೂಬನ್ನು ಸುಮ್ಮನೆ ಅಲುಗಾಡಿಸಿದರು. ಸೋಪಿನ ನೀರಿನಂತೆ ನೊರೆ ಎದ್ದಿತು. ‘ಇದರಲ್ಲಿ ಸಪೋನಿನ್ ಇದೆ ಕಣೇ. ಇದು ರಕ್ತಕಣಗಳನ್ನೇ ಒಡೆಯುತ್ತೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯ್ತಲ್ಲ!’ ಎಂದರು. ಹೌದು. ನನ್ನ ತಟ್ಟೆಯಲ್ಲಿ ದ್ರವವೆಲ್ಲ ಕೆಂಪಾಗಿದ್ದನ್ನು ನಾನು ನೋಡಿದ್ದೆ, ನೋಡಿಯೂ ಗಮನಿಸಿರಲಿಲ್ಲ.

ಆ ರಾತ್ರಿ ಇಡೀ ನೋಟ್‌ಬುಕ್ ತಿರುವಿ ಹಾಕಿದೆ. ಅದಕ್ಕಿಂತ ದೊಡ್ಡ ತಪ್ಪು ಸಿಕ್ಕಿತು. ಸಾರಗಳನ್ನು ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಬಳಸುತ್ತೇವೆ. ಅದು ಹೆಚ್ಚಾದರೆ ತಾನೇ ರೋಗಾಣುವನ್ನು ಕೊಲ್ಲುತ್ತದೆ. ಹಾಗಾಗಿ ಅದು ಶೇ 0.5ರ ಒಳಗಿರಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಜೊತೆಗೆ ಗಿಡದ ಸಾರವಿಲ್ಲದೆ ಅಷ್ಟೇ ಡಿಎಂಎಸ್‌ಒ ಹಾಕಿದ ಗುಳಿಗಳೂ ಇರಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅವಸರದಲ್ಲಿ ನಾನು ಶೇ 2ರವರೆಗೆ ದ್ರಾವಕ ಸುರಿದಿದ್ದೆ. ಕಂಟ್ರೋಲ್ ಗುಳಿಗಳಿಗೆ ಬರೀ ಪೋಷಕ ದ್ರವ ಹಾಕಿದ್ದೆ! ಐದು ಗಿಡಗಳು ಪಾಸಾಗಿದ್ದಲ್ಲ, ಡಿಎಂಎಸ್‌ಒ ಪಾಸಾಗಿತ್ತು.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೋಸ್ಟರ್ ಪ್ರಿಂಟ್ ಆಗಿ ಬಂದಿತ್ತು, ಅದರಲ್ಲಿ ಬಣ್ಣಬಣ್ಣದ ಗ್ರಾಫ್ ಇತ್ತು. ಸುಮ್ಮನಿದ್ದರೆ ಸರ್ಟಿಫಿಕೇಟ್ ಸಿಗುತ್ತಿತ್ತು. ಆದರೆ ಕಣ್ಣಮುಂದೆ ಬಂದದ್ದು ಬದುವಿನ ಮೇಲೆ ಕುಸಿದ ಚಿಕ್ಕಪ್ಪ. ಅಜ್ಜಿ ಗೊತ್ತಿಲ್ಲದೆ ನಂಬಿದಳು. ನಾನು ಗೊತ್ತಿದ್ದೂ ನಂಬಿಸಿದರೆ? ನನ್ನ ಗ್ರಾಫನ್ನು ಯಾರೋ ಮೊಬೈಲಿನಲ್ಲಿ ಹಂಚಿ, ಇನ್ನಾರದೋ ಚಿಕ್ಕಪ್ಪ ಮೂರು ವಾರ ಉತ್ತರಾಣಿ ರಸ ಕುಡಿದುಕೊಂಡು ಕೂತರೆ? ಬೆಳಿಗ್ಗೆ ಆರಕ್ಕೇ ಮೇಡಂಗೆ ಫೋನ್ ಮಾಡಿ ಅಳುತ್ತಾ ಹೇಳಿದೆ. ಅವರು ಬೈಯಲಿಲ್ಲ. ‘ಪೋಸ್ಟರ್ ವಾಪಸ್ ತಗೊಳ್ಳೋಣ. ಇವತ್ತಿಂದ ಶುರು ಮಾಡು’ ಎಂದರು ಅಷ್ಟೇ.

ಮತ್ತೆ ಮಾಡಿದೆ. ಮೂರು ಸಲ. ಈ ಬಾರಿ ಕ್ಲೋರೋಕ್ವಿನ್ ಹಾಕಿದ ಗುಳಿ, ಡಿಎಂಎಸ್‌ಒ ಮಾತ್ರ ಹಾಕಿದ ಗುಳಿ, ರೋಗಾಣುವಿಲ್ಲದ ರಕ್ತಕ್ಕೆ ಸಾರ ಹಾಕಿದ ಗುಳಿ ಎಲ್ಲ ಇದ್ದವು. ಅಕ್ಕ ನನಗೆ ಗೊತ್ತಾಗದಂತೆ ಟ್ಯೂಬುಗಳಿಗೆ ಗಿಡದ ಹೆಸರಿನ ಬದಲು ಬರೀ ನಂಬರ್ ಅಂಟಿಸಿದರು. ನೆಲಬೇವು ಯಾವುದೆಂದು ತಿಳಿದರೆ ನನ್ನ ಕಣ್ಣು ಅದರ ಪರ ಎಣಿಸೀತು ಎಂದು! ಕೊನೆಗೆ ಉಳಿದದ್ದು ಇಷ್ಟು: ಎಂಟು ಗಿಡಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೆಲಬೇವಿನ ಆಲ್ಕೋಹಾಲ್ ಸಾರ ಹೆಚ್ಚಿನ ಪ್ರಮಾಣದಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಕ್ಲೋರೋಕ್ವಿನ್ನಿನ ಹತ್ತಿರಕ್ಕೂ ಬರುವುದಿಲ್ಲ. ಅದೇ ನೆಲಬೇವನ್ನು ನೀರಿನಲ್ಲಿ ಕುದಿಸಿದ ಕಷಾಯದಲ್ಲಿ ಆ ಸ್ವಲ್ಪವೂ ಇರಲಿಲ್ಲ. ಅದರ ಮುಖ್ಯ ಕಹಿ ಅಂಶ ಆಂಡ್ರೋಗ್ರಫೋಲೈಡ್ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ.

‘ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇರಲ್ಲ’ ಎಂಬ ಮಾತೂ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನ್ನ ಪಟ್ಟಿಯಲ್ಲಿದ್ದ ಈಶ್ವರಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿ ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿರುವ ವಿಷಯ.

ಹಾಗಾದರೆ ಗಿಡಗಳಲ್ಲಿ ಮದ್ದೇ ಇಲ್ಲವೇ? ಇದೆ. ಮಲೇರಿಯಾದ ಎರಡು ದೊಡ್ಡ ಔಷಧಿಗಳು ಬಂದದ್ದೇ ಗಿಡಗಳಿಂದ. 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಇನ್ನೊಂದು ಆರ್ಟೆಮಿಸಿನಿನ್. ಚೀನಾದ ತು ಯುಯು ಮತ್ತು ಅವರ ತಂಡ ಎರಡು ಸಾವಿರ ಹಳೆಯ ಮದ್ದುಗಳ ವಿವರ ಕಲೆಹಾಕಿ, 380ಕ್ಕೂ ಹೆಚ್ಚು ಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಿತು. ನಮ್ಮ ದವನದ ಬಂಧುವಾದ ಒಂದು ಗಿಡ ಮೊದಲು ಶೇ 68ರಷ್ಟು ಫಲ ಕೊಟ್ಟಿತು. ಮತ್ತೆ ಮಾಡಿದರೆ ಶೇ 12, ಶೇ 40! ಅವರು ಮೊದಲ ಅಂಕಿಯನ್ನು ಹಿಡಿದು ಕೂರಲಿಲ್ಲ, ಗಿಡವನ್ನು ಕೈಬಿಡಲೂ ಇಲ್ಲ. ಸುಮಾರು 1,600 ವರ್ಷ ಹಳೆಯ ಒಂದು ಗ್ರಂಥದಲ್ಲಿ ಆ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿತ್ತೇ ವಿನಾ ಕುದಿಸಲು ಹೇಳಿರಲಿಲ್ಲ. ಕಾವಿಗೆ ಮದ್ದು ಕೆಡುತ್ತಿದೆ ಎಂದು ಊಹಿಸಿ, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿದರು. 1971ರಲ್ಲಿ 191ನೇ ಸಂಖ್ಯೆಯ ಸಾರ ಇಲಿಗಳಲ್ಲಿ ರೋಗಾಣುವನ್ನು ಪೂರ್ತಿ ಅಳಿಸಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಸೇವಿಸಿ ನೋಡಿದರು. 2015ರಲ್ಲಿ ನೊಬೆಲ್ ಬಂತು. ಹಳೆಯ ಗ್ರಂಥ ಅವರಿಗೆ ಸುಳಿವು ಕೊಟ್ಟಿತು. ಉತ್ತರವನ್ನು ಅವರು ಲ್ಯಾಬಿನಲ್ಲೇ ಹುಡುಕಬೇಕಾಯಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಪದ್ಮನಾಭನ್ ಮತ್ತು ಸಂಗಡಿಗರು ಅರಿಶಿನದ ಕರ್ಕ್ಯುಮಿನ್ ಮಲೇರಿಯಾ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆ ಎಂದು 2005ರಲ್ಲಿ ತೋರಿಸಿದರು. ಮರುವರ್ಷ ಆರ್ಟೆಮಿಸಿನಿನ್ ಬಗೆಯ ಔಷಧಿಯ ಒಂದು ಇಂಜೆಕ್ಷನ್ ಜೊತೆ ಕರ್ಕ್ಯುಮಿನ್ ಕೊಟ್ಟರೆ ಸೋಂಕಿತ ಇಲಿಗಳು ಬದುಕುಳಿಯುತ್ತವೆ ಎಂಬುದನ್ನು ಪ್ರಕಟಿಸಿದರು. ಇದು ಇಲಿಗಳಲ್ಲಿ ಸಿಕ್ಕ ಫಲ. ಇದನ್ನು ಓದಿ ‘ಅರಿಶಿನ ಹಾಲು ಕುಡಿದರೆ ಮಲೇರಿಯಾ ಹೋಗುತ್ತೆ’ ಎಂದರೆ ನಾವು ಓದಿದ್ದು ವ್ಯರ್ಥ.

ಮನುಷ್ಯರ ಮೇಲಿನ ಪರೀಕ್ಷೆಗೂ ಒಂದು ಉದಾಹರಣೆ ಇದೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಕಷಾಯ ಹಾಲೆ ಮರದ ತೊಗಟೆಯದು. ಅದೇ ತೊಗಟೆ, ಗಜ್ಜುಗ, ಕಿರಾತಕಡ್ಡಿ, ಕಟುಕರೋಹಿಣಿ ಸೇರಿಸಿ ಆಯುರ್ವೇದದ ಸರ್ಕಾರಿ ಸಂಶೋಧಕರು ‘ಆಯುಷ್-64’ ಎಂಬ ಮಲೇರಿಯಾ ಮದ್ದು ಮಾಡಿದ್ದರು. ಅದನ್ನು ಕ್ಲೋರೋಕ್ವಿನ್ ಜೊತೆ ಹೋಲಿಸಿ ನೋಡಿದ ಅಧ್ಯಯನ 2000ದಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. 28 ದಿನಗಳ ಬಳಿಕ ಕ್ಲೋರೋಕ್ವಿನ್ ಪಡೆದ ವೈವ್ಯಾಕ್ಸ್ ರೋಗಿಗಳೆಲ್ಲ ಗುಣವಾಗಿದ್ದರು. ಆಯುಷ್-64 ಪಡೆದವರಲ್ಲಿ ಅರ್ಧದಷ್ಟು ಮಂದಿಯೂ ಪೂರ್ತಿ ಗುಣವಾಗಿರಲಿಲ್ಲ. ನನಗೆ ಇಷ್ಟವಾದದ್ದು ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು. ಸೋತ ಫಲಿತಾಂಶ ಮುಂದಿನವರಿಗೆ ದಾರಿ ತೋರಿಸುವ ಕೈಕಂಬ. ‘ಈ ಕಡೆ ದಾರಿ ಇಲ್ಲ’ ಎಂದು ಬರೆದಿಡುವುದೂ ಕೆಲಸವೇ.

ಪ್ರಾಜೆಕ್ಟ್ ಮುಗಿದು ಕೆಲಸ ಹುಡುಕುವಾಗ ಔಷಧಿ ಕಂಪನಿಯೊಂದರ ಗುಣಮಟ್ಟ ಪರೀಕ್ಷೆ ವಿಭಾಗದ ಸಂದರ್ಶನಕ್ಕೆ ಹೋದೆ. ‘ಪ್ರಾಜೆಕ್ಟಿನಲ್ಲಿ ಏನು ಸಿಕ್ಕಿತು?’ ಎಂದರು. ‘ಹೆಚ್ಚೇನೂ ಸಿಗಲಿಲ್ಲ ಸರ್. ಮೊದಲು ಸಿಕ್ಕಿತ್ತು, ಅದು ನನ್ನ ತಪ್ಪಿನಿಂದ’ ಎಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಕುರ್ಚಿ ಮುಂದಕ್ಕೆಳೆದುಕೊಂಡು, ತಪ್ಪು ಹೇಗೆ ಸಿಕ್ಕಿತು, ಕಂಟ್ರೋಲ್ ಹೇಗೆ ಇಟ್ಟೆ, ಪೋಸ್ಟರ್ ಯಾಕೆ ಹಿಂಪಡೆದೆ ಎಂದು ಅರ್ಧ ಗಂಟೆ ಕೇಳಿದರು. ಈಗ ಅಲ್ಲೇ ಇದ್ದೇನೆ. ಸಂಬಳ ದೊಡ್ಡದೇನಲ್ಲ. ಆದರೆ ಪ್ರತಿ ಬ್ಯಾಚಿನ ಮಾತ್ರೆ ಕೈಗೆ ಬಂದಾಗ ಇದನ್ನು ಯಾರ ಚಿಕ್ಕಪ್ಪ ನುಂಗುತ್ತಾರೋ ಎಂದುಕೊಳ್ಳುತ್ತೇನೆ.

ಅಜ್ಜಿಗೆ ಹೇಳುವುದೇ ಕಷ್ಟವಾಗಿತ್ತು. ಫೋನಿನಲ್ಲಿ ‘ಪಾಸು’ ಎಂದು ಸಾರಿದವಳು ನಾನೇ ತಾನೆ! ಊರಿಗೆ ಹೋದಾಗ ಜಗಲಿ ಮೇಲೆ ಅವಳೇ ಕೇಳಿದಳು.

‘ಏನ್ ಮಗಾ, ನನ್ ಕಸಾಯ ಪಾಸೋ ಫೇಲೋ?’

‘ಮಲೇರಿಯಾಕ್ಕೆ ಫೇಲು ಅಜ್ಜಿ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾದ್ರೆ ಇಷ್ಟ್ ದಿನ ನಾನ್ ಕೊಟ್ಟಿದ್ದೆಲ್ಲಾ ಸುಳ್ಳಾ?’

‘ಸುಳ್ಳಲ್ಲ ಅಜ್ಜಿ. ಅದನ್ನ ಯಾರೂ ಪರೀಕ್ಷೆ ಮಾಡಿರ್ಲಿಲ್ಲ ಅಷ್ಟೇ. ನಾನೂ ಮೊದ್ಲು ತಪ್ಪು ಲೆಕ್ಕ ಮಾಡಿ ನಿಂಗೆ ಪಾಸು ಅಂದ್ಬಿಟ್ಟೆ. ಓದಿದೋಳು ನಾನೇ ಮೋಸ ಹೋದ್ನಲ್ಲ.’

ಅದಕ್ಕವಳು ನಕ್ಕಳು. ಎಷ್ಟು ವರ್ಷದ ಮೇಲೋ ಆ ವಿಷಯದಲ್ಲಿ ನಕ್ಕಿದ್ದು. ಜ್ವರ ತಾನಾಗೇ ಬಿಟ್ಟು ತಾನಾಗೇ ಬರುತ್ತದೆಂದು ಬೆರಳು ಎಣಿಸಿ ತೋರಿಸಿದೆ. ‘ಅಂಗಾದ್ರೆ ಅದು ನನ್ನೂ ಏಮಾರಿಸ್ತು ಅನ್ನು’ ಎಂದಳು. ಆ ಮಾತಿನಲ್ಲಿ ಅವಳ ಎದೆಯ ಮೇಲಿದ್ದ ಕಲ್ಲು ಒಂದಿಷ್ಟು ಸರಿದಂತೆ ನನಗನ್ನಿಸಿತು.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಮಂಗಳೂರಿನಿಂದ ಜ್ವರ ಹೊತ್ತು ಬಂದು, ಹಳೆಯ ಅಭ್ಯಾಸದಂತೆ ಲೋಟ ಹಿಡಿದು ನಮ್ಮ ಬಾಗಿಲಿಗೆ ನಿಂತಿದ್ದನಂತೆ. ಅಜ್ಜಿ ಒಳಗಿನಿಂದಲೇ ಕೂಗಿದಳಂತೆ: ‘ಲೋಟ ಅಲ್ಲೇ ಇಡ್ಲಾ. ಮೊದ್ಲು ಆಶಾ ಅಕ್ಕನ ತಾವು ಹೋಗಿ ಬೆರಳು ಚುಚ್ಚಿಸ್ಕಂಡ್ ಬಾ. ಕಸಾಯದ್ ಮಾತು ಆಮೇಲೆ!’